ಮನೆಯ ಮೀಡಿಯಾ ಸರ್ವರ್: ನೀವು ಲಾಗಿನ್ ಆಗದಿದ್ದರೂ ಓಡಬೇಕು

ನಯನತಾರಾ ನಟಿಸಿದ ತಮಿಳು ಚಿತ್ರ 'ಅನ್ನಪೂರಣಿ' 2024ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಿಂದ ಮಾಯವಾಯಿತು. ದೂರು ಬಂತು, ಸಿನಿಮಾ ಹೋಯ್ತು. ಚಂದಾ ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಬಿಬಿಸಿಯ 'ಇಂಡಿಯಾ: ದಿ ಮೋದಿ ಕ್ವೆಶ್ಚನ್' ಸಾಕ್ಷ್ಯಚಿತ್ರದ ಕೊಂಡಿಗಳನ್ನು ತೆಗೆಸಲು ಕೇಂದ್ರ ಸರ್ಕಾರ 2021ರ ಐಟಿ ನಿಯಮಗಳ ತುರ್ತು ಅಧಿಕಾರ ಬಳಸಿತ್ತು. ಚಂದಾ ಅಂದರೆ ಬಾಡಿಗೆ. ಕೊಂಡ ಡಿವಿಡಿ, ಊರಿನ ಯಕ್ಷಗಾನದ ರೆಕಾರ್ಡಿಂಗ್, ನೀವೇ ಚಿತ್ರೀಕರಿಸಿದ ಪ್ರತಿಭಟನೆ ಇವೆಲ್ಲ ನಿಮ್ಮ ಡಿಸ್ಕ್‌ನಲ್ಲಿದ್ದರೆ ಮಾತ್ರ ನಿಮ್ಮದು. ಅವನ್ನು ಮನೆಯ ಟಿವಿ, ಫೋನುಗಳಿಗೆ ಹಂಚುವ ತಂತ್ರಾಂಶವೇ ಮೀಡಿಯಾ ಸರ್ವರ್.

ಪ್ಲೆಕ್ಸ್ ಹೆಚ್ಚು ಹೆಸರುವಾಸಿ. ಆದರೆ ನಿಮ್ಮದೇ ಫೈಲನ್ನು ಮನೆಯ ಹೊರಗಿಂದ ನೋಡಲು 2025ರ ಏಪ್ರಿಲ್‌ನಿಂದ ಅದಕ್ಕೂ ದುಡ್ಡು ಕೊಡಬೇಕು. ಎಂಬಿ 2018ರಲ್ಲಿ ತನ್ನ ಸೋರ್ಸ್ ಕೋಡ್ ಮುಚ್ಚಿಕೊಂಡಿತು. ಅದನ್ನು ಒಪ್ಪದವರು ಕವಲೊಡೆದು ಕಟ್ಟಿದ್ದು ಜೆಲ್ಲಿಫಿನ್. ನನ್ನ ಮತ ಇದಕ್ಕೇ.

ಟರ್ಮಿನಲ್‌ನಲ್ಲಿ ಶುರು ಮಾಡಿದ ಪ್ರೋಗ್ರಾಂ ನಿಮ್ಮ ಲಾಗಿನ್‌ಗೆ ಕಟ್ಟಿಹಾಕಿಕೊಂಡಿರುತ್ತದೆ. ನೀವು ಹೋದರೆ ಸಾಮಾನ್ಯವಾಗಿ ಅದೂ ಹೋಗುತ್ತದೆ. ಸರ್ವಿಸ್ ಹಾಗಲ್ಲ, ಅದು ಯಂತ್ರಕ್ಕೆ ಸೇರಿದ್ದು. ಲಿನಕ್ಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವುದು 2010ರಲ್ಲಿ ಹುಟ್ಟಿದ ಸಿಸ್ಟಂಡಿ. ಡೆಬಿಯನ್, ಉಬುಂಟುಗಳಲ್ಲಿ ಜೆಲ್ಲಿಫಿನ್ ಪ್ಯಾಕೇಜ್ ಹಾಕಿದರೆ ಸರ್ವಿಸ್ ಫೈಲ್ ತಾನಾಗೇ ಬರುತ್ತದೆ, ಬ್ರೌಸರ್‌ನಲ್ಲಿ 8096 ಪೋರ್ಟ್‌ಗೆ ಹೋದರೆ ಸಿಗುತ್ತದೆ. ಎರಡು ಪದ ಗೊಂದಲ ಮಾಡಿಕೊಳ್ಳಬೇಡಿ: 'ಸ್ಟಾರ್ಟ್' ಅಂದರೆ ಈಗ ಓಡಿಸು, 'ಎನೇಬಲ್' ಅಂದರೆ ಪ್ರತಿ ಬೂಟ್‌ನಲ್ಲೂ ಓಡಿಸು. ಮೊದಲನೆಯದನ್ನಷ್ಟೇ ಮಾಡಿದರೆ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಅಜ್ಜಿಯ ಯಕ್ಷಗಾನ ಬಂದ್. ಕರೆಂಟ್ ಬಂದಾಗ ಯಂತ್ರ ತಾನೇ ಎದ್ದೇಳಲು ಬಯಾಸ್‌ನಲ್ಲೂ ಒಂದು ಆಯ್ಕೆ ಇರುತ್ತದೆ, ನೋಡಿ. ಹಳೇ ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ ಮಲಗದಂತೆಯೂ ಹೇಳಬೇಕು.

ನಿಜವಾದ ತಲೆನೋವು ಇಲ್ಲಿಂದ. ಸರ್ವಿಸ್ ಓಡುವುದು ನಿಮ್ಮ ಹೆಸರಲ್ಲಲ್ಲ, 'ಜೆಲ್ಲಿಫಿನ್' ಅನ್ನುವ ಪ್ರತ್ಯೇಕ ಬಳಕೆದಾರನ ಹೆಸರಲ್ಲಿ. ನಿಮ್ಮ ಹೋಂ ಫೋಲ್ಡರ್ ಅವನಿಗೆ ಪರರ ಮನೆ, ಉಬುಂಟು 21.04ರಿಂದ ಅದರ ಬಾಗಿಲು ಮುಚ್ಚಿಯೇ ಇರುತ್ತದೆ. ಡೆಸ್ಕ್‌ಟಾಪ್ ತಾನಾಗಿ ಜೋಡಿಸುವ ಹೊರಗಿನ ಡಿಸ್ಕ್ ಕೂಡ ನಿಮ್ಮೊಬ್ಬರ ಹೆಸರಿಗೇ ತೆರೆದಿರುತ್ತದೆ. ಹಾಗಾಗಿ ಸರ್ವರ್ ಓಡುತ್ತದೆ, ಲೈಬ್ರರಿ ಮಾತ್ರ ಖಾಲಿ. ಆಗ ಸಿಟ್ಟಿಗೆದ್ದು ಎಲ್ಲಕ್ಕೂ 777 ಅನುಮತಿ ಕೊಡುವವರಿದ್ದಾರೆ, ರೂಟ್ ಆಗಿ ಓಡಿಸುವವರೂ ಇದ್ದಾರೆ. ಎರಡೂ ಬೇಡ. ಸರ್ವರ್‌ನಲ್ಲಿ ನಾಳೆ ಒಂದು ತೂತು ಸಿಕ್ಕರೆ, ನುಗ್ಗಿದವನಿಗೆ ಸಿಗುವುದು ಆ ಬಡಪಾಯಿ ಬಳಕೆದಾರನ ಹಕ್ಕುಗಳಷ್ಟೇ ಆಗಿರಲಿ. ಅವನಿಗೆ ಬೇಕಿರುವುದು ಓದುವ ಅನುಮತಿ, ಜೊತೆಗೆ ದಾರಿಯ ಪ್ರತಿ ಫೋಲ್ಡರ್ ಹಾದುಹೋಗುವ ಅನುಮತಿ. ಡಿಸ್ಕನ್ನು ಹೋಂನಿಂದ ಹೊರಗೆ ಒಂದು ಸ್ಥಿರ ಜಾಗದಲ್ಲಿ ಜೋಡಿಸಿ, ಗುಂಪಿನ ಒಡೆತನ ಜೆಲ್ಲಿಫಿನ್‌ಗೆ ಕೊಟ್ಟರೆ ಸಾಕು. ವಿಂಡೋಸ್‌ನಿಂದ ಬಂದ ಎನ್‌ಟಿಎಫ್‌ಎಸ್ ಡಿಸ್ಕ್ ಆದರೆ ಈ ಗುಂಪನ್ನು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಜೋಡಿಸುವ ಸಾಲಿನಲ್ಲೇ ಬರೆಯಿರಿ.

ಆ ಸಾಲಿನಲ್ಲಿ ಡಿಸ್ಕನ್ನು ಯುಯುಐಡಿಯಿಂದ ಗುರುತಿಸಿ; ಎಸ್‌ಡಿಬಿ1 ಥರದ ಹೆಸರು ಮುಂದಿನ ಬೂಟ್‌ನಲ್ಲಿ ಬದಲಾಗಬಹುದು. 'ನೋಫೇಲ್' ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಯಂತ್ರ ಏಳುತ್ತದೆ. ಆದರೆ ಆಗ ಡಿಸ್ಕ್ ಬರುವ ಮೊದಲೇ ಜೆಲ್ಲಿಫಿನ್ ಶುರುವಾಗಿ ಖಾಲಿ ಫೋಲ್ಡರ್ ಕಾಣಬಹುದು. ಅದಕ್ಕೆ 'ಸಿಸ್ಟಂಸಿಟಿಎಲ್ ಎಡಿಟ್' ಕೊಟ್ಟು, ಯೂನಿಟ್ ವಿಭಾಗದಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂದು ಫೋಲ್ಡರಿನ ದಾರಿ ಬರೆಯಿರಿ. ಮೂಲ ಸರ್ವಿಸ್ ಫೈಲ್ ಮುಟ್ಟಬೇಡಿ, ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಏನಾದರೂ ಕೆಟ್ಟರೆ ಊಹಿಸುತ್ತಾ ಕೂರಬೇಡಿ, ಜರ್ನಲ್‌ಸಿಟಿಎಲ್‌ನಲ್ಲಿ ಆ ಸರ್ವಿಸ್‌ನ ಲಾಗ್ ಓದಿ. 'ಪರ್ಮಿಷನ್ ಡಿನೈಡ್' ಅಂತ ಇದ್ದರೆ ಮತ್ತೆ ಫೋಲ್ಡರುಗಳ ಕಡೆಗೇ ಹೋಗಿ. ಇನ್ನು ಹೊರಗಿಂದ ನೋಡುವ ಆಸೆಗೆ ರೌಟರ್‌ನಲ್ಲಿ 8096 ಅನ್ನು ಜಗತ್ತಿಗೇ ತೆರೆದಿಡಬೇಡಿ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ಬನ್ನಿ. ಅವುಗಳನ್ನೂ ಸರ್ವಿಸ್ ಆಗಿಯೇ ಎನೇಬಲ್ ಮಾಡಿಡಿ.