ಕ್ವಾಂಟಂ ಗುಪ್ತಲಿಪಿ: ಬೆಂಗಳೂರಿನಲ್ಲಿ ಮಂಡನೆ, ಪ್ರಯೋಗಕ್ಕೆ ಮೂರೂವರೆ ದಶಕ

ಮೈಸೂರು: ಬ್ಯಾಂಕ್ ವ್ಯವಹಾರದಿಂದ ಸೇನೆಯ ಸಂದೇಶದವರೆಗೆ ಇಂದಿನ ಗೋಪ್ಯತೆಯ ಬಹುಪಾಲು ಒಂದು ಗಣಿತದ ಕಷ್ಟವನ್ನು ನಂಬಿಕೊಂಡಿದೆ. ಅತಿ ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಕಂಡುಹಿಡಿಯಲು ಈಗಿನ ಕಂಪ್ಯೂಟರ್‌ಗಳಿಗೆ ಯುಗಗಳೇ ಬೇಕು. ಸಮರ್ಥ ಕ್ವಾಂಟಂ ಕಂಪ್ಯೂಟರ್‌ಗೆ ಈ ಕಷ್ಟವಿರದು ಎಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಅದಕ್ಕೆ ಪರಿಹಾರವಾಗಬಲ್ಲ ಒಂದು ವಿಧಾನ ಹತ್ತು ವರ್ಷ ಮೊದಲೇ ಪ್ರಕಟವಾಗಿತ್ತು. ಅದು ಬೆಂಗಳೂರಿನಲ್ಲಿ ಎಂಬುದು ಗಮನಾರ್ಹ.

1984ರ ಡಿಸೆಂಬರ್‌ನಲ್ಲಿ ಅಲ್ಲಿ ಕಂಪ್ಯೂಟರ್, ವ್ಯವಸ್ಥೆ ಹಾಗೂ ಸಂಕೇತ ಸಂಸ್ಕರಣೆ ಕುರಿತ ಐಇಇಇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಐಬಿಎಂನ ಚಾರ್ಲ್ಸ್ ಬೆನೆಟ್ ಹಾಗೂ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜಿಲ್ ಬ್ರಸ್ಸಾರ್ ಅವರ ಐದು ಪುಟಗಳ ಪ್ರಬಂಧ ಆ ಸಮ್ಮೇಳನದ ಸಂಪುಟದಲ್ಲಿದೆ. ಇಬ್ಬರ ಹೆಸರಿನ ಮೊದಲಕ್ಷರ ಮತ್ತು ಇಸವಿ ಸೇರಿ ಅದು 'ಬಿಬಿ84' ಎಂದೇ ಪ್ರಸಿದ್ಧ. ಇದಕ್ಕೆ ಪ್ರೇರಣೆಯಾದ ಸ್ಟೀಫನ್ ವೀಸ್ನರ್ ಅವರ ಲೇಖನವನ್ನು 1970ರ ಸುಮಾರಿಗೆ ಪತ್ರಿಕೆಯೊಂದು ತಿರಸ್ಕರಿಸಿತ್ತು. ಅದು ಅಚ್ಚಾದದ್ದು 1983ರಲ್ಲಿ.

ವಿಧಾನದ ತಿರುಳು ಸರಳ. ಅಂಚೆ ಲಕೋಟೆಯನ್ನು ಹಬೆಯಲ್ಲಿ ಬಿಚ್ಚಿ, ಓದಿ, ಮತ್ತೆ ಅಂಟಿಸಬಹುದು. ಒಂಟಿ ಬೆಳಕಿನ ಕಣ, ಅಂದರೆ ಫೋಟಾನ್, ಅಂತಹ ಕಳ್ಳತನಕ್ಕೆ ಅವಕಾಶ ಕೊಡದು. ಕಳುಹಿಸುವವರು ಪ್ರತಿ ಫೋಟಾನಿನ ಧ್ರುವೀಕರಣವನ್ನು ಎರಡು ಬಗೆಗಳಲ್ಲೊಂದನ್ನು ಆಯ್ದು ನಿಗದಿಪಡಿಸುತ್ತಾರೆ. ಯಾವ ಬಗೆ ಎಂದು ತಿಳಿಯದೆ ನಡುವೆ ಅಳೆದವನು ಅದನ್ನು ಕದಡಿಬಿಡುತ್ತಾನೆ. ಪ್ರತಿ ಕಣವನ್ನೂ ಹಿಡಿದು ಅಳೆದು ಮರಳಿ ಕಳುಹಿಸಿದರೆ, ಉಳಿಸಿಕೊಂಡ ಅಂಕಿಗಳಲ್ಲಿ ಸುಮಾರು ಶೇ 25ರಷ್ಟು ತಪ್ಪುಗಳು ಕಾಣುತ್ತವೆ. ಕೆಲವು ಅಂಕಿಗಳನ್ನು ಬಹಿರಂಗವಾಗಿ ಹೋಲಿಸಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ಹೀಗೆ ಹಂಚಿಕೊಳ್ಳುವುದು ಸಂದೇಶವನ್ನಲ್ಲ, ಅದನ್ನು ತೆರೆಯುವ ಕೀಲಿಯನ್ನು.

ಈ ಸಮ್ಮೇಳನದ ಹಾದಿಯಲ್ಲದೆ, ಬೇರೊಂದು ದಾರಿಯಲ್ಲಿ ಮೈಸೂರು ಈ ಕ್ಷೇತ್ರವನ್ನು ತಲುಪಿತು. ಸರಸ್ವತಿಪುರಂ ಕಡೆಯಿಂದ ಕುಕ್ಕರಹಳ್ಳಿ ಕೆರೆಯನ್ನು ಬಳಸಿ ಹೋದರೆ ಸಿಗುವ ಮಾನಸಗಂಗೋತ್ರಿಯಲ್ಲಿ ಜಿ. ರಾಮಚಂದ್ರನ್, ಕೆ.ಎಸ್. ಮಲ್ಲೇಶ್ ಹಾಗೂ ಯುವರಾಜ ಕಾಲೇಜಿನ ಸ್ವರ್ಣಮಾಲಾ ಸಿರ್ಸಿ ಮುಂತಾದವರು 2000ದ ಆಸುಪಾಸಿನಲ್ಲಿ 'ಸ್ಪಿನ್ ಸ್ಕ್ವೀಜಿಂಗ್' ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಕಣದ ಸ್ಪಿನ್‌ನ ಅನಿಶ್ಚಿತತೆಯನ್ನು ಒಂದು ದಿಕ್ಕಿನಲ್ಲಿ ಅದುಮಿದರೆ, ಬಲೂನಿನಂತೆ, ಇನ್ನೊಂದು ದಿಕ್ಕಿನಲ್ಲಿ ಉಬ್ಬುತ್ತದೆ. ಇದರ ಮೂಲ ಸ್ಪಿನ್‌ಗಳ ನಡುವಣ ಪರಸ್ಪರ ಸಂಬಂಧದಲ್ಲಿದೆ ಎಂಬುದು ಅವರ ಅಧ್ಯಯನದ ವಿಷಯ. ಈ ಗುಂಪಿನೊಂದಿಗೆ ಪ್ರಬಂಧ ಬರೆದ ಎ.ಆರ್. ಉಷಾದೇವಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕ್ವಾಂಟಂ ಮಾಹಿತಿಯ ಸಂಶೋಧನೆ ಮುಂದುವರಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದೆ, ಲೇಖನಿ–ಕಾಗದದಲ್ಲಿ ಮಾಡಬಹುದಾದ ಕೆಲಸವಿದು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಬಹುಶಃ ಅದೇ ಅನುಕೂಲವಾಯಿತು.

ಪ್ರಯೋಗದ ಮಾತೇ ಬೇರೆ. ಬಿಬಿ84ರ ಮೊದಲ ಪ್ರಯೋಗ 1989ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ನಡೆಯಿತು. ಫೋಟಾನ್ ಕ್ರಮಿಸಿದ ದೂರ 32.5 ಸೆಂ.ಮೀ. 2017ರ ವೇಳೆಗೆ ಚೀನಾದ 'ಮಿಸಿಯಸ್' ಉಪಗ್ರಹ 1,200 ಕಿ.ಮೀ.ವರೆಗಿನ ಸಂಪರ್ಕ ಸಾಧಿಸಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ, ಇಸ್ರೊ ಸಹಯೋಗದ ಯೋಜನೆಯಡಿ, 50 ಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಕೀಲಿ ರವಾನಿಸಿದ್ದನ್ನು ಪ್ರಕಟಿಸಿದ್ದು 2021ರಲ್ಲಿ. ಪ್ರಬಂಧ ಮಂಡನೆಯಾದ ಊರಿಗೆ ಇದು ತಡವೆಂದೇ ಹೇಳಬೇಕು.

ಬಳಿಕ ಹಣ ಹರಿಯಿತು. ಕೇಂದ್ರವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂ. ವೆಚ್ಚದ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2,000 ಕಿ.ಮೀ. ಅಂತರದ ಉಪಗ್ರಹ ಸಂಪರ್ಕ ಅದರ ಗುರಿಗಳಲ್ಲೊಂದು. ಅಭಿಯಾನದ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಲಿದರೆ, ಸಂವಹನದ ಕೇಂದ್ರ ಐಐಟಿ ಮದ್ರಾಸ್ ಪಾಲಾಯಿತು. ವಿಶ್ವಸಂಸ್ಥೆಯು ಕ್ವಾಂಟಂ ವರ್ಷವೆಂದು ಘೋಷಿಸಿದ್ದ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ಕ್ವಾಂಟಂ ಶೃಂಗಸಭೆ ನಡೆಸಿತು.

ಇನ್ನು ಆ ಐದು ಪುಟಗಳು: 1984ರ ಸಂಪುಟ ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. ಮೂವತ್ತು ವರ್ಷಗಳ ನಂತರ, 2014ರಲ್ಲಿ, 'ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್' ನಿಯತಕಾಲಿಕ ಅವನ್ನು ಮರುಮುದ್ರಿಸಿತು.