ಮೊದಲು ಮೊಟ್ಟೆಯೋ, ಮಳೆಯೋ?

ಚೀನಾದವರ ಸೃಷ್ಟಿಕಥೆಯಲ್ಲಿ ಮೊದಲಿಗೆ ಇದ್ದದ್ದು ಒಂದು ಮೊಟ್ಟೆಯಂಥ ಕತ್ತಲೆ. ಅದರೊಳಗೆ ಪಾನ್‌ಗು ಹುಟ್ಟಿದ. 18 ಸಾವಿರ ವರ್ಷದ ಮೇಲೆ ಅದು ಬಿರಿಯಿತು. ತಿಳಿ ಆಕಾಶವಾಯಿತು, ಗಸಿ ಭೂಮಿಯಾಯಿತು. ಅವನು ಸತ್ತಾಗ ಉಸಿರು ಗಾಳಿ, ಎಡಗಣ್ಣು ಸೂರ್ಯ, ಬಲಗಣ್ಣು ಚಂದ್ರ, ರಕ್ತವೇ ನದಿ. ಮೈಮೇಲಿನ ಹುಳುಗಳು? ಅವೇ ಮನುಷ್ಯರು! ನಿಮಗೆ ನಮ್ಮ ಪುರುಷಸೂಕ್ತ ನೆನಪಾಗಿರಬೇಕು. (ಅದರಲ್ಲಿ ಹುಳುವಿನ ಮಾತಿಲ್ಲ ಅನ್ನಿ.)

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ವ್ಯವಹಾರ ಎಂದಿನದೇ ಇರಲಿ, ಲೆಡ್ಜರಿಗೆ ಏರಿದ ತಾರೀಖು ನೋಡುವುದು ನನ್ನ ಚಾಳಿ. ಈ ಕಥೆಯನ್ನು ಬರೆದಿಟ್ಟ ಷೂ ಝೆಂಗ್ ಕ್ರಿ.ಶ. 3ನೆಯ ಶತಮಾನದವನು. ಅದಕ್ಕೂ ಸುಮಾರು 1,400 ವರ್ಷ ಹಿಂದೆಯೇ, ಆನ್ಯಾಂಗ್‌ನಲ್ಲಿ ಶಾಂಗ್ ಅರಸರು ದನದ ಮೂಳೆ, ಆಮೆಯ ಚಿಪ್ಪಿನ ಮೇಲೆ ಪ್ರಶ್ನೆ ಕೆತ್ತಿಸುತ್ತಿದ್ದರು. ಅಲ್ಲಿ ಪಾನ್‌ಗುವಿನ ಹೆಸರೇ ಇಲ್ಲ. ಮಳೆ ಬಂದೀತೇ? ಬೆಳೆ ಕೈಗೆ ಹತ್ತೀತೇ? ಅರಸನ ಹಲ್ಲುನೋವು ತೀರಿಹೋದ ಯಾವ ಹಿರಿಯನ ಕಾಟ? ಇಂಥವೇ. ಮೂಳೆಗೆ ಕಾವು ಕೊಟ್ಟಾಗ ಬಿಟ್ಟ ಬಿರುಕೇ ಉತ್ತರ.

ಮುಂದೆ ರೈತರು ಹೊಲದಲ್ಲಿ ಸಿಕ್ಕ ಈ ತುಂಡುಗಳನ್ನು ‘ಡ್ರ್ಯಾಗನ್ ಮೂಳೆ’ ಎಂದು ಔಷಧಿ ಅಂಗಡಿಗೆ ಮಾರುತ್ತಿದ್ದರು. 1899ರಲ್ಲಿ ವಾಂಗ್ ಯಿರೊಂಗ್ ಎಂಬ ವಿದ್ವಾಂಸ ಆ ಗೀರುಗಳು ಅಕ್ಷರವೆಂದು ಗುರುತಿಸಿದ. ಅಷ್ಟರೊಳಗೆ ಎಷ್ಟು ಅಕ್ಷರ ಪುಡಿಯಾಗಿ ರೋಗಿಗಳ ಹೊಟ್ಟೆ ಸೇರಿತೋ, ಲೆಕ್ಕ ಬರೆದವರಿಲ್ಲ.