ವ್ಯಾನ್‌ಗಾರ್ಡ್ ಉಪಗ್ರಹದ ಎರಡು ಪ್ರೇಷಕಗಳು

ಕೃತಕ ಉಪಗ್ರಹಗಳ ಚರಿತ್ರೆಯನ್ನು ಬರೆಯುವವರು ರಾಕೆಟ್ಟಿನ ಬಲವನ್ನೂ ಕಕ್ಷೆಯ ಎತ್ತರವನ್ನೂ ಕುರಿತು ವಿಸ್ತಾರವಾಗಿ ಹೇಳುತ್ತಾರೆ. ಮೇಲೇರಿದ ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬಂದಿತು, ಎಷ್ಟು ಕಾಲ ಬಂದಿತು ಎಂಬ ವಿಷಯಕ್ಕೆ ಒಂದೆರಡು ವಾಕ್ಯಗಳು ಸಾಕೆಂದು ಅವರು ಭಾವಿಸಿರುವಂತೆ ತೋರುತ್ತದೆ. ಆದರೆ ಮೊದಮೊದಲ ಉಪಗ್ರಹಗಳಿಂದ ವಿಜ್ಞಾನಕ್ಕೆ ಒದಗಿದ ಫಲ ಬಹುಮಟ್ಟಿಗೆ ಈ ವಿಷಯವನ್ನೇ ಅವಲಂಬಿಸಿತ್ತು.

1957ನೆಯ ಅಕ್ಟೋಬರ್ 4ರಂದು ಸೋವಿಯತ್ ದೇಶ ಹಾರಿಸಿದ ಮೊದಲ ಸ್ಪುಟ್ನಿಕ್ಕಿನ ತೂಕ 83.6 ಕಿಲೋಗ್ರಾಂ. ಅದರಲ್ಲಿ ಸುಮಾರು 51 ಕಿಲೋಗ್ರಾಂ ಬೆಳ್ಳಿ ಮತ್ತು ಸತುವಿನ ಬ್ಯಾಟರಿಗಳದೇ ಆಗಿತ್ತು. ಅರ್ಧಕ್ಕಿಂತ ಹೆಚ್ಚಿನ ಹೊರೆಯನ್ನು ಬ್ಯಾಟರಿಗೇ ಮೀಸಲಿಟ್ಟರೂ ದೊರೆತದ್ದು ಮೂರು ವಾರಗಳ ಧ್ವನಿ ಮಾತ್ರ. ಆಮೇಲೆ ಅದು ಮೂಕವಾಗಿ ಸುತ್ತುತ್ತಿದ್ದು, 1958ರ ಜನವರಿ 4ರಂದು ವಾಯುಮಂಡಲದಲ್ಲಿ ಉರಿದುಹೋಯಿತು. ಬುತ್ತಿ ಕಟ್ಟಿಕೊಂಡು ಹೊರಟವನ ಪಯಣ ಬುತ್ತಿ ಇರುವವರೆಗೆ ತಾನೆ?

ಇದಕ್ಕೆ ಪರಿಹಾರ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ರಚಿಸಿದ ಸಿಲಿಕಾನ್ ಸೌರಕೋಶವನ್ನು 1954ರ ಏಪ್ರಿಲಿನಲ್ಲಿ ಪ್ರಕಟಪಡಿಸಲಾಯಿತು. ತನ್ನ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಶೇಕಡ 6ರಷ್ಟನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ನೆಲದ ಮೇಲೆ ಅದು ತೀರ ದುಬಾರಿ. ಕಲ್ಲಿದ್ದಲಿನೊಡನೆ ಸೆಣಸುವುದು ಅದಕ್ಕೆ ಸಾಧ್ಯವಿರಲಿಲ್ಲ. ಮೋಡವಿಲ್ಲದ, ಇಂಧನವನ್ನು ಮತ್ತೆ ತುಂಬುವಂತಿಲ್ಲದ ಅಂತರಿಕ್ಷದಲ್ಲಿ ಲೆಕ್ಕವೇ ಬೇರೆ. ಇದನ್ನು ಮನಗಂಡು ಪಟ್ಟುಹಿಡಿದವರು ಅಮೆರಿಕದ ಭೂಸೇನೆಯ ಸಂಕೇತ ವಿಭಾಗದಲ್ಲಿದ್ದ ಹಾನ್ಸ್ ಜೀಗ್ಲರ್. ವ್ಯಾನ್‌ಗಾರ್ಡ್ ಯೋಜನೆಯ ಹೊಣೆ ಹೊತ್ತಿದ್ದ ನೌಕಾಪಡೆಯವರಾದರೋ ಪರೀಕ್ಷೆಗೊಳಗಾಗದ ಸಾಧನವನ್ನು ನಂಬಲು ಹಿಂಜರಿದರು. ಅವರ ಶಂಕೆ ಅವಿವೇಕದ್ದೆನ್ನಲಾಗದು. ಕೊನೆಗೆ ಎರಡನ್ನೂ ಕಳುಹಿಸುವುದೆಂದಾಯಿತು.

1958ರ ಮಾರ್ಚ್ 17ರಂದು ಕಕ್ಷೆ ಸೇರಿದ ವ್ಯಾನ್‌ಗಾರ್ಡ್-1 ಸುಮಾರು ಒಂದೂವರೆ ಕಿಲೋಗ್ರಾಂ ತೂಕದ, 16.5 ಸೆಂಟಿಮೀಟರ್ ವ್ಯಾಸದ, ಚಕ್ಕೋತದ ಹಣ್ಣಿನಷ್ಟು ದೊಡ್ಡದಾದ ಗೋಳ. ಅದರೊಳಗೆ ಎರಡು ಪ್ರೇಷಕಗಳಿದ್ದವು. ಪಾದರಸದ ಬ್ಯಾಟರಿಯಿಂದ ನಡೆಯುವುದರ ಸಾಮರ್ಥ್ಯ 10 ಮಿಲಿವ್ಯಾಟ್. ಆರು ಸೌರಕೋಶಗಳಿಂದ ನಡೆಯುವುದರದು 5 ಮಿಲಿವ್ಯಾಟ್. ಸಂಧಾನದ ಫಲವಾದ ಈ ಏರ್ಪಾಟು ತಾನೇ ತಾನಾಗಿ ಒಂದು ತುಲನಾತ್ಮಕ ಪ್ರಯೋಗವಾಯಿತು. ಮೊದಲನೆಯದು ಅದೇ ವರ್ಷದ ಜೂನ್ ತಿಂಗಳಲ್ಲಿ ನಿಂತುಹೋಯಿತು. ಅದರ ಅರ್ಧದಷ್ಟೇ ಬಲವಿದ್ದ ಎರಡನೆಯದು 1964ರ ಮೇ ತಿಂಗಳವರೆಗೂ ಕೇಳಿಬರುತ್ತಿತ್ತು. ಇದು ಅಮೆರಿಕದವರಿಗೆ ಮಾತ್ರ ಹೊಳೆದ ಉಪಾಯವೆಂದು ತಿಳಿಯಬಾರದು. ಎರಡು ತಿಂಗಳ ತರುವಾಯ ಮೇಲೇರಿದ ಮೂರನೆಯ ಸ್ಪುಟ್ನಿಕ್ಕಿನಲ್ಲಿಯೂ ಸೌರಕೋಶಗಳಿದ್ದವು. ಅವುಗಳ ಬಲದಿಂದ ಅದರ ‘ಮಯಾಕ್’ ಪ್ರೇಷಕ 1960ರ ಏಪ್ರಿಲಿನವರೆಗೆ ನಡೆಯಿತು.

ವ್ಯಾನ್‌ಗಾರ್ಡಿನ ದೀರ್ಘಾಯುಷ್ಯದಿಂದ ಆದ ಲಾಭವೇನು? ಅದರ ಧ್ವನಿಯ ಜಾಡು ಹಿಡಿದು ಕಕ್ಷೆಯನ್ನು ಗಣಿಸಿದ ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿಗಳು ಭೂಮಿಯ ಆಕಾರದಲ್ಲಿ ಪೇರು ಹಣ್ಣನ್ನು ಹೋಲುವ ಅತ್ಯಲ್ಪ ವಿಷಮತೆಯಿದೆಯೆಂದು 1959ರಲ್ಲಿ ತೋರಿಸಿಕೊಟ್ಟರು. ಈ ನಿರ್ಣಯಕ್ಕೆ ಆಧಾರ, ಸುಮಾರು 80 ದಿನಗಳಿಗೊಮ್ಮೆ ಮರುಕಳಿಸುವ, ಕಕ್ಷೆಯ ದೀರ್ಘವೃತ್ತತೆಯ ಏರಿಳಿತ. ಮಾರ್ಚ್ ನಡುವಿನಿಂದ ಜೂನ್‌ವರೆಗೆ ಅಂಥ ಆವರ್ತನ ಒಂದು ಮಾತ್ರ ಪೂರ್ಣವಾಗಬಲ್ಲದು. ಒಂದೇ ಸಲ ಕಂಡದ್ದನ್ನು ಮರುಕಳಿಸುವಂಥದೆಂದು ಹೇಳುವ ಗಣಿತಜ್ಞನುಂಟೆ? ಬ್ಯಾಟರಿಯ ಪ್ರೇಷಕವೊಂದೇ ಇದ್ದಿದ್ದರೆ ಈ ಫಲ ಆ ಉಪಗ್ರಹದಿಂದ ಅಷ್ಟು ಬೇಗನೆ ದೊರೆಯುತ್ತಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಹಾಗೆಂದು, ಸೌರಕೋಶ ಬ್ಯಾಟರಿಯನ್ನು ಸೋಲಿಸಿತೆಂದು ಬರೆಯುವುದು ಸರಿಯಲ್ಲ. ಕೋಶ ಉತ್ಪಾದಿಸುತ್ತದೆ, ಕೂಡಿಡಲಾರದು. ಭೂಮಿಗೆ ಸಮೀಪದ ಉಪಗ್ರಹ ಸುಮಾರು ಒಂದೂವರೆ ಗಂಟೆಗೆ ಒಂದು ಪ್ರದಕ್ಷಿಣೆ ಮಾಡುತ್ತದೆ. ಅದರಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಗೂ ಮಿಕ್ಕಿ ಭೂಮಿಯ ನೆರಳಿನಲ್ಲಿರುತ್ತದೆ. ಆ ಕತ್ತಲೆಯನ್ನು ದಾಟಿಸಲು ಬ್ಯಾಟರಿಯೇ ಬೇಕು. ಬಿಸಿಲಿನಲ್ಲಿ ತುಂಬಿ ನೆರಳಿನಲ್ಲಿ ಬರಿದಾಗುವ ಈ ಕ್ರಿಯೆ ವರ್ಷಕ್ಕೆ ಐದು ಸಾವಿರಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ಬೆಳ್ಳಿ-ಸತುವಿನ ಬ್ಯಾಟರಿ ಇದನ್ನು ಬಹುಕಾಲ ತಾಳದು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ತೂಕ ಹೆಚ್ಚಾದರೂ, ತಾಳಬಲ್ಲದು. 1959ರ ಆಗಸ್ಟಿನಲ್ಲಿ ಹಾರಿದ ಎಕ್ಸ್‌ಪ್ಲೋರರ್-6 ತನ್ನ ನಾಲ್ಕು ರೆಕ್ಕೆಗಳಲ್ಲಿ ಸುಮಾರು 8000 ಕೋಶಗಳನ್ನು ಹರಡಿ, ಒಡಲಿನಲ್ಲಿ ಇಂಥ ಬ್ಯಾಟರಿಯನ್ನು ಹೊತ್ತಿತ್ತು. ಮುಂದಿನ ದಶಕಗಳ ಉಪಗ್ರಹಗಳಲ್ಲಿ ಬಹುಪಾಲು ಅನುಸರಿಸಿದ್ದು ಈ ಜೋಡಿ ಕ್ರಮವನ್ನೇ.

ಬೆಂಗಳೂರಿನ ಪೀಣ್ಯದಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟವೂ ಇದೇ ಕ್ರಮದ್ದು. ಮೈತುಂಬ ಸೌರಕೋಶ, ಒಳಗೆ ನಿಕಲ್-ಕ್ಯಾಡ್ಮಿಯಂ. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದಾಗಿ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉತ್ಪಾದನೆ, ಸಂಗ್ರಹಗಳ ಜೊತೆಗೆ ವಿದ್ಯುತ್ತಿನ ಹಂಚಿಕೆಯೆಂಬ ಮೂರನೆಯ ಸಮಸ್ಯೆಯೊಂದುಂಟು. ಅದರ ಚರಿತ್ರೆಯನ್ನು ಬೇರೆಯಾಗಿಯೇ ಬರೆಯಬೇಕಾಗಿದೆ.